ಎದೆಗೆ ಶಾಕ್‌ವೇವ್: ಅಪ್ಪಾಜಿಗೆ ಕೊಡಿಸಬೇಕಾ, ಬೇಡವಾ?

ಕುಂದವಾಡ ಕೆರೆ ದಾರಿ:
ದಾವಣಗೆರೆ, ಚಿತ್ರದುರ್ಗ ಕಡೆಯವರು ಯಾರಾದರೂ ಈ ಚಿಕಿತ್ಸೆ ತಗೊಂಡಿದ್ದರೆ ದಯವಿಟ್ಟು ಹೇಳಿ. ನಮ್ಮ ಅಪ್ಪಾಜಿಗೆ 68. ಇಲ್ಲಿನ ಹತ್ತಿ ಮಿಲ್ಲಿನಲ್ಲಿ ದುಡಿದವರು. ಹನ್ನೆರಡು ವರ್ಷದ ಹಿಂದೆ ಬೈಪಾಸ್ ಆಗಿದೆ. ಈಗ ಮತ್ತೆ ಎದೆನೋವು. ಕೂತಾಗ ಏನೂ ಇಲ್ಲ. ಮೆಟ್ಟಿಲು ಹತ್ತಿದರೆ, ಊಟ ಆದ ಮೇಲೆ ನಡೆದರೆ ಎದೆ ಹಿಡಿದ ಹಾಗಾಗುತ್ತದೆ. ನಿಂತರೆ ಮೂರ್ನಾಲ್ಕು ನಿಮಿಷದಲ್ಲಿ ಹೋಗುತ್ತದೆ. ನಮ್ಮ ಮನೆ ಮೊದಲನೇ ಮಹಡಿಯಲ್ಲಿ. ಅರ್ಧ ಮೆಟ್ಟಿಲು ಹತ್ತಿ ನಿಂತು ಗೋಡೆ ಮೇಲಿನ ಕರೆಂಟ್ ಮೀಟರ್ ನೋಡುತ್ತಾರೆ. ರೀಡಿಂಗ್ ನೋಡುತ್ತಿದ್ದಾರೆ ಅಂತಲೇ ನಾನು ಎಷ್ಟೋ ದಿನ ಅಂದುಕೊಂಡಿದ್ದೆ.

ಆಂಜಿಯೋಗ್ರಾಂ ಮಾಡಿದ ಡಾಕ್ಟರು, ಉಳಿದಿರುವ ನಾಳಗಳು ತುಂಬಾ ಸಣ್ಣವು, ಸ್ಟೆಂಟ್ ಹಾಕಲಾಗುವುದಿಲ್ಲ, ಇನ್ನೊಂದು ಬೈಪಾಸ್ ಅಪಾಯ, ಮಾತ್ರೆ ಮೇಲೇ ಇರಲಿ ಅಂದರು. ಹೋದ ವಾರ ನೆಂಟರೊಬ್ಬರು ಬೆಂಗಳೂರಿನ ಒಂದು ಕ್ಲಿನಿಕ್ಕಿನ ಕರಪತ್ರ ತಂದುಕೊಟ್ಟರು. ‘ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಶಾಕ್‌ವೇವ್‌ನಿಂದ ಬ್ಲಾಕ್ ಕರಗಿಸುತ್ತೇವೆ, ಒಂಬತ್ತು ಸಿಟ್ಟಿಂಗ್’ ಅಂತ ಇದೆ. ಅವರು ಕೇಳಿದ್ದು ನಮ್ಮ ಎರಡು ವರ್ಷದ ಮೆಕ್ಕೆಜೋಳದ ದುಡ್ಡು. ಹೇಗೋ ಹೊಂದಿಸುತ್ತೇನೆ. ಕೊಡಿಸುವುದು ಸರಿನಾ ಅನ್ನುವುದೇ ಪ್ರಶ್ನೆ.

ಹರಿಹರ ಸೇತುವೆ:
ನಮ್ಮ ಮಾವನಿಗೆ ಹೋದ ವರ್ಷ ಶಾಕ್‌ವೇವ್ ಕೊಟ್ಟೇ ಸ್ಟೆಂಟ್ ಹಾಕಿದ್ದು. ನಾಳದೊಳಗೆ ಸುಣ್ಣ ಕಟ್ಟಿತ್ತಂತೆ, ಅದನ್ನು ಒಡೆದರು. ಈಗ ಚೆನ್ನಾಗಿದ್ದಾರೆ. ಧೈರ್ಯವಾಗಿ ಮಾಡಿಸಿ.

ಎಕೋ ರೂಮು:
ಹರಿಹರದ ಅಣ್ಣ, ನಿಮ್ಮ ಮಾವನವರಿಗೆ ಮಾಡಿದ್ದು ಬೇರೆ. ಹೆಸರು ಒಂದೇ ಆಗಿದ್ದಕ್ಕೆ ಸುಮಾರು ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅವರಿಗೆ ನಾಳದೊಳಗೆ ತಂತಿ ಹಾಕಿ, ಬ್ಲಾಕ್ ಇರುವಲ್ಲಿಗೆ ಬಲೂನ್ ಒಯ್ದು, ಅದರೊಳಗಿಂದ ಶಬ್ದದ ಅಲೆ ಬಿಟ್ಟು ಸುಣ್ಣಕ್ಕೆ ಬಿರುಕು ಬಿಡಿಸಿರುತ್ತಾರೆ. ಕರಪತ್ರದಲ್ಲಿ ಇರುವುದು ಎದೆಯ ಹೊರಗಿನಿಂದ ಕೊಡುವುದು.

ನಾನು ಹೃದ್ರೋಗ ವಿಭಾಗದಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವವಳು. ಈ ಚಿಕಿತ್ಸೆ ಕೊಡುವುದನ್ನು ಎರಡು ಸಲ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಎದೆಗೆ ಜೆಲ್ ಹಚ್ಚುತ್ತಾರೆ. ರಕ್ತ ಕಡಿಮೆ ಹೋಗುತ್ತಿರುವ ಜಾಗವನ್ನು ಎಕೋದಲ್ಲಿ ಹುಡುಕಿ, ಮೆಷಿನ್ನಿನ ತಲೆಯನ್ನು ಅಲ್ಲಿಗೆ ಒತ್ತಿ ಹಿಡಿಯುತ್ತಾರೆ. ಇಸಿಜಿ ಜೋಡಿಸಿರುತ್ತದೆ, ಯಾಕೆಂದರೆ ಪ್ರತಿ ಬಡಿತದಲ್ಲೂ ಒಂದು ಗೊತ್ತಾದ ಕ್ಷಣಕ್ಕೇ ಅಲೆ ಬಿಡಬೇಕು. ಇಲ್ಲದಿದ್ದರೆ ಬಡಿತ ತಪ್ಪಬಹುದು. ಟಕ್ ಟಕ್ ಅಂತ ಸದ್ದು. ಅರಿವಳಿಕೆ ಬೇಕಿಲ್ಲ, ರೋಗಿ ಮಾತಾಡುತ್ತಲೇ ಇರುತ್ತಾರೆ. ನಡುವೆ ಶ್ವಾಸಕೋಶ ಅಡ್ಡ ಬಂದರೆ ಆ ಜಾಗಕ್ಕೆ ಕೊಡಲಾಗುವುದಿಲ್ಲ, ಗಾಳಿ ಇದ್ದಲ್ಲಿ ಅಲೆ ದಾಟುವುದಿಲ್ಲ.

ಕಿಡ್ನಿ ಕಲ್ಲು ಒಡೆಯುವ ಅಲೆಯೂ ಇದೇ ಜಾತಿಯದು. ಇದರ ಶಕ್ತಿ ಅದರ ಹತ್ತನೇ ಒಂದು ಪಾಲು ಮಾತ್ರ. ಹಾಗಾಗಿ ಯಾವ ಬ್ಲಾಕೂ ಒಡೆಯುವುದಿಲ್ಲ, ಕರಗುವುದೂ ಇಲ್ಲ. ಹೃದಯದ ಸ್ನಾಯುವನ್ನು ಹೀಗೆ ಮೆಲ್ಲಗೆ ಕೆಣಕಿದರೆ ಅಲ್ಲಿ ಹೊಸ ಸಣ್ಣ ರಕ್ತನಾಳಗಳು ಚಿಗುರುತ್ತವೆ ಅನ್ನುವುದು ಇದರ ಹಿಂದಿನ ಯೋಚನೆ. ಕರಪತ್ರದ ‘ಕರಗಿಸುತ್ತೇವೆ’ ಅನ್ನುವ ಮಾತು ಸುಳ್ಳು.

ಹಿರಿಯೂರು ತೆಂಗು:
ಕರಪತ್ರ ಸುಳ್ಳಿರಬಹುದು, ಚಿಕಿತ್ಸೆ ಸುಳ್ಳಲ್ಲ. ನಮ್ಮ ಅವ್ವನಿಗೆ ನಾಲ್ಕು ವರ್ಷದ ಹಿಂದೆ ಕೊಡಿಸಿದೆವು. ಅವರಿಗೂ ಸ್ಟೆಂಟ್ ಆಗಲ್ಲ, ಬೈಪಾಸ್ ಆಗಲ್ಲ ಅಂದಿದ್ದರು. ನಲ್ಲಿಯಿಂದ ಅಡುಗೆಮನೆಗೆ ಅರ್ಧ ಬಿಂದಿಗೆ ನೀರು ತರುವಾಗ ಎರಡು ಸಲ ಇಳಿಸುತ್ತಿದ್ದರು. ಮೊದಲ ವಾರ ಮೂರು ಸಿಟ್ಟಿಂಗ್, ಐದನೇ ವಾರ ಮೂರು, ಒಂಬತ್ತನೇ ವಾರ ಮೂರು. ಬೆಂಗಳೂರಿನಲ್ಲಿ ತಂಗಿ ಮನೆ ಇದ್ದದ್ದಕ್ಕೆ ಆಯಿತು. ಮೂರು ತಿಂಗಳಾದ ಮೇಲೆ ತೇರುಮಲ್ಲೇಶ್ವರನ ಜಾತ್ರೆಗೆ ನಡೆದುಕೊಂಡೇ ಬಂದರು. ನಾನು ಕಣ್ಣಾರೆ ಕಂಡದ್ದು.

ಲೆಕ್ಕದ ಮೇಷ್ಟ್ರು, ಚಳ್ಳಕೆರೆ:
ತಾಯಿಯವರು ಚೆನ್ನಾಗಿದ್ದಾರೆ ಅಂತ ಕೇಳಿ ನಿಜವಾಗಿ ಸಂತೋಷ ಆಯಿತು. ಆದರೆ ಒಬ್ಬರಿಗೆ ಆದದ್ದನ್ನು ನೋಡಿ ಇನ್ನೊಬ್ಬರ ಮೆಕ್ಕೆಜೋಳದ ದುಡ್ಡು ಹಾಕಿಸುವ ಮುಂಚೆ ನಾನು ಓದಿ ತಿಳಿದದ್ದನ್ನು ಹೇಳುತ್ತೇನೆ.

ಎದೆನೋವಿನ ವಿಚಾರದಲ್ಲಿ ನಂಬಿಕೆಯ ಪಾಲು ಬಹಳ ದೊಡ್ಡದು. 1950ರ ದಶಕದಲ್ಲಿ ಎದೆಯ ಒಂದು ರಕ್ತನಾಳ ಕಟ್ಟಿಬಿಟ್ಟರೆ ನೋವು ಹೋಗುತ್ತದೆ ಅಂತ ಆಪರೇಷನ್ ಮಾಡುತ್ತಿದ್ದರು. ಜನ ನಿಜವಾಗಿ ಸುಧಾರಿಸಿಕೊಂಡರು. 1959ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿದರು. ಕೆಲವರಿಗೆ ನಾಳ ಕಟ್ಟಿದರು, ಉಳಿದವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಯಾರಿಗೆ ಏನು ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಸುಮ್ನೆ ಹೊಲಿಸಿಕೊಂಡವರೂ ಅಷ್ಟೇ ಸುಧಾರಿಸಿದ್ದರು! ಆ ಆಪರೇಷನ್ ಅಲ್ಲಿಗೇ ನಿಂತಿತು. ಸ್ಟೆಂಟಿಗೂ 2017ರಲ್ಲಿ ಇಂಥದ್ದೇ ಪರೀಕ್ಷೆ ನಡೆಯಿತು. ಆರ್ಬಿಟಾ ಅಂತ ಹೆಸರು, 200 ರೋಗಿಗಳು. ಮಾತ್ರೆ ಸರಿಯಾಗಿ ಕೊಟ್ಟ ಮೇಲೆ ಸ್ಟೆಂಟ್ ಹಾಕಿಸಿಕೊಂಡವರೂ ಹಾಕಿಸಿಕೊಳ್ಳದವರೂ ಟ್ರೆಡ್‌ಮಿಲ್ ಮೇಲೆ ನಡೆದ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹೃದಯಕ್ಕೆ ಶಾಕ್‌ವೇವ್ ಕೊಟ್ಟು ನೋಡಿದ ಮೊದಮೊದಲ ಅಧ್ಯಯನಗಳಲ್ಲಿ ಎರಡು ಜಪಾನಿನವು. 2004ರಲ್ಲಿ ಹಂದಿಗಳ ಮೇಲೆ, 2006ರಲ್ಲಿ ಒಂಬತ್ತು ಜನ ರೋಗಿಗಳ ಮೇಲೆ. ಫಲ ಒಳ್ಳೆಯದೇ ಇತ್ತು. ಆಮೇಲೆ ಬಂದವುಗಳಲ್ಲೂ ಹೆಚ್ಚಿನವು ಸಣ್ಣ ಅಧ್ಯಯನಗಳು, ಸುಳ್ಳು ಅಲೆ ಕೊಟ್ಟು ಹೋಲಿಸಿ ನೋಡಿದ್ದು ಕಡಿಮೆ. ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿಯಲ್ಲಿ ಕಾಲಿಗೆ ಪಟ್ಟಿ ಸುತ್ತಿ ಒತ್ತುವ ಇಇಸಿಪಿಗೆ ‘ಬೇರೆ ದಾರಿ ಇಲ್ಲದವರಿಗೆ ಯೋಚಿಸಬಹುದು’ ಅನ್ನುವ ಸಣ್ಣ ಶಿಫಾರಸಾದರೂ ಇತ್ತು. ಶಾಕ್‌ವೇವ್‌ಗೆ ಅಷ್ಟೂ ಇರಲಿಲ್ಲ.

ಹಿರಿಯೂರು ತೆಂಗು:
ಅಂದರೆ ನಮ್ಮ ಅವ್ವನ ನೋವು ಕಡಿಮೆ ಆದದ್ದು ಭ್ರಮೆ ಅಂತೀರಾ ಮೇಷ್ಟ್ರೇ? ಓದು ಬಾರದ ಹೆಂಗಸು. ಅಲೆ ಅಂದರೆ ಏನು ಅಂತಲೇ ಗೊತ್ತಿಲ್ಲ. ಅವರಿಗೆ ಎಲ್ಲಿಂದ ನಂಬಿಕೆ ಬರಬೇಕು?

ಲೆಕ್ಕದ ಮೇಷ್ಟ್ರು, ಚಳ್ಳಕೆರೆ:
ಭ್ರಮೆ ಅನ್ನುವ ಮಾತು ನಾನು ಆಡಿಲ್ಲ, ಆಡುವುದೂ ಇಲ್ಲ. ನೋವು ಕಡಿಮೆ ಆದದ್ದು ನೂರಕ್ಕೆ ನೂರು ನಿಜ. ಕಡಿಮೆ ಮಾಡಿದ್ದು ಯಾವುದು ಅನ್ನುವುದು ನನ್ನ ಪ್ರಶ್ನೆ. ಮಗ ಕೆಲಸ ಬಿಟ್ಟು ಜೊತೆಗೆ ಬಂದ. ಮಗಳ ಮನೆಯಲ್ಲಿ ವಾರಗಟ್ಟಲೆ ವಿಶ್ರಾಂತಿ ಸಿಕ್ಕಿತು. ಡಾಕ್ಟರು ಎದೆ ಮುಟ್ಟಿ ಮಾತಾಡಿಸಿದರು. ಮಾತ್ರೆ ಹೊತ್ತಿಗೆ ಸರಿಯಾಗಿ ಹೋಯಿತು. ಅದರ ಜೊತೆಗೆ ಅಲೆಯೂ ಕೆಲಸ ಮಾಡಿರಬಹುದು. ಬಿಡಿಸಿ ನೋಡದೆ ಅಲೆಗೇ ಪೂರ್ತಿ ಮಾರ್ಕ್ಸ್ ಕೊಡಬೇಡಿ ಅಂದೆ ಅಷ್ಟೇ.

ಎಕೋ ರೂಮು:
ಮೇಷ್ಟ್ರೇ, ಆರ್ಬಿಟಾ ಕಥೆ ಅಲ್ಲಿಗೇ ಮುಗಿಯಲಿಲ್ಲ. 2023ರ ಎರಡನೇ ಆರ್ಬಿಟಾದಲ್ಲಿ 301 ಜನರಿಗೆ ಎದೆನೋವಿನ ಮಾತ್ರೆ ನಿಲ್ಲಿಸಿ ನೋಡಿದರು. ಆಗ ಸ್ಟೆಂಟ್ ಹಾಕಿಸಿಕೊಂಡವರಿಗೆ ನೋವು ನಿಜವಾಗಿ ಕಡಿಮೆ ಆಗಿತ್ತು. ಹಾಗಾಗಿ ಎಲ್ಲವನ್ನೂ ನಂಬಿಕೆಯ ಖಾತೆಗೆ ಹಾಕುವುದೂ ಸರಿಯಲ್ಲ. ಸ್ಟೆಂಟೂ ಇಲ್ಲ, ಬೈಪಾಸೂ ಇಲ್ಲ, ಮಾತ್ರೆ ಎಲ್ಲ ಕೊಟ್ಟಾಯಿತು, ಆದರೂ ನೋವು ಅನ್ನುವವರನ್ನು ನಾನು ದಿನಾ ನೋಡುತ್ತೇನೆ. ಅವರಿಗೆ ‘ಪುರಾವೆ ಸಾಲದು, ಮನೆಗೆ ಹೋಗಿ’ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಭೀಮಸಮುದ್ರದ ಅಡಿಕೆ:
ನಾನು ಹೇಳುವುದು ಬೇರೆ ವಿಷಯ. ನಮ್ಮ ಅಣ್ಣ ಒಂದು ಕಡೆ ಇಇಸಿಪಿ ಮಾಡಿಸಿದ. ದಿನಕ್ಕೆ ಒಂದು ಗಂಟೆಯಂತೆ 35 ದಿನ. ನೋವು ಕಡಿಮೆಯೂ ಆಯಿತು. ‘ನ್ಯಾಚುರಲ್ ಬೈಪಾಸ್ ಆಗಿದೆ, ಇನ್ನು ಭಯ ಇಲ್ಲ’ ಅಂತ ಅಲ್ಲಿಯವರು ಹೇಳಿ ಕಳಿಸಿದರು. ಅಣ್ಣ ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ ಎರಡನ್ನೂ ಬಿಟ್ಟ. ಐದು ತಿಂಗಳಿಗೆ ರಾತ್ರಿ ಎರಡು ಗಂಟೆಗೆ ಹಾರ್ಟ್ ಅಟ್ಯಾಕ್. ಕೂತಲ್ಲೇ ಬೆವರು, ಶರ್ಟು ಹಿಂಡುವ ಹಾಗೆ. ಚಿತ್ರದುರ್ಗಕ್ಕೆ ಹೇಗೆ ಕಾರು ಓಡಿಸಿದೆ ಅಂತ ನನಗೇ ನೆನಪಿಲ್ಲ. ಉಳಿದ. ಯಾವ ಚಿಕಿತ್ಸೆಯಾದರೂ ಮಾಡಿಸಿ, ಮಾತ್ರೆ ಮಾತ್ರ ಬಿಡಿಸಬೇಡಿ. ಕೈಮುಗಿದು ಕೇಳುತ್ತೇನೆ.

ಎಕೋ ರೂಮು:
ಅಣ್ಣನವರು ಉಳಿದದ್ದು ದೊಡ್ಡದು. ಇಲ್ಲಿ ಓದುವವರೆಲ್ಲ ಇದನ್ನು ನೆನಪಿಡಿ. ನಡೆದಾಗ ಬಂದು ನಿಂತಾಗ ಹೋಗುವ ನೋವಿನ ಬಗ್ಗೆ ನಾವು ಮಾತಾಡುತ್ತಿರುವುದು. ಕೂತಾಗಲೇ ಬಂದರೆ, ಮೊದಲಿಗಿಂತ ಜಾಸ್ತಿ ಹೊತ್ತು ಇದ್ದರೆ, ಬೆವರು ಬಂದರೆ ಅದು ಬೇರೆ. ಆಗ 108ಕ್ಕೆ ಫೋನ್ ಮಾಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಔಷಧ ಅಂಗಡಿ, ಪಿ.ಜೆ. ಬಡಾವಣೆ:
ಕುಂದವಾಡದವರೇ, ಎಲ್ಲರೂ ಮಾತಾಡಿದರು, ಅಪ್ಪಾಜಿ ಯಾವ ಮಾತ್ರೆ ಯಾವ ಹೊತ್ತಿಗೆ ತಗೊಳ್ಳುತ್ತಾರೆ ಅಂತ ಯಾರೂ ಕೇಳಲಿಲ್ಲ. ಬರೆಯಿರಿ. ನೋವು ಬಂದಾಗ ತಗೊಳ್ಳಲು ಜೇಬಿನಲ್ಲಿ ಇಟ್ಟುಕೊಳ್ಳುವ ಮಾತ್ರೆ ಯಾವ ತಿಂಗಳದು ಅಂತಲೂ ನೋಡಿ.

ಕುಂದವಾಡ ಕೆರೆ ದಾರಿ:
ಮೆಟೊಪ್ರೊಲಾಲ್ 25 ಬೆಳಿಗ್ಗೆ. ಐಸೊಸಾರ್ಬೈಡ್ ಮಾನೊನೈಟ್ರೇಟ್ 20 ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಆಸ್ಪಿರಿನ್, ಅಟೊರ್ವಾ ರಾತ್ರಿ. ನಾಲಿಗೆ ಕೆಳಗಿನ ಸಾರ್ಬಿಟ್ರೇಟ್ ಶರ್ಟಿನ ಜೇಬಿನಲ್ಲೇ ಇತ್ತು. ತೆಗೆದು ನೋಡಿದರೆ ಪಟ್ಟಿ ಮುದುಡಿ ಒಳಗೆ ಪುಡಿ ಆಗಿದೆ. ಡೇಟ್ ಮುಗಿದು ಏಳು ತಿಂಗಳು.

ಔಷಧ ಅಂಗಡಿ, ಪಿ.ಜೆ. ಬಡಾವಣೆ:
ಜೇಬಿನ ಮಾತ್ರೆ ಇವತ್ತೇ ಹೊಸದು ತನ್ನಿ. ಇನ್ನೊಂದು ವಿಷಯ ಡಾಕ್ಟರ ಹತ್ತಿರ ಕೇಳಲೇಬೇಕು. ಈ ಮಾನೊನೈಟ್ರೇಟ್ 24 ಗಂಟೆಯೂ ರಕ್ತದಲ್ಲಿ ಇದ್ದರೆ ದೇಹಕ್ಕೆ ಒಗ್ಗಿಹೋಗಿ ಕೆಲಸ ಮಾಡುವುದು ಕಡಿಮೆ ಆಗುತ್ತದೆ. ಅದಕ್ಕೇ ದಿನಕ್ಕೆರಡು ಸಲದ ಮಾತ್ರೆಯನ್ನು ಸಾಮಾನ್ಯವಾಗಿ ಏಳು ಗಂಟೆ ಅಂತರದಲ್ಲಿ ಕೊಡುವುದು. ಬೆಳಿಗ್ಗೆ ಎಂಟು, ಮಧ್ಯಾಹ್ನ ಮೂರು. ರಾತ್ರಿ ಖಾಲಿ ಬಿಡುತ್ತಾರೆ. ‘ದಿನಕ್ಕೆರಡು’ ಅಂತ ಬರೆದರೆ ನಮ್ಮ ಜನ ಬೆಳಿಗ್ಗೆ, ರಾತ್ರಿ ಅಂತಲೇ ತಿಳಿಯುತ್ತಾರೆ. ದಿನಕ್ಕೆ ಮೂರ್ನಾಲ್ಕು ಜನರನ್ನು ನನ್ನ ಕೌಂಟರಿನಲ್ಲೇ ಹೀಗೆ ನೋಡುತ್ತೇನೆ. ನಾಡಿ ಎಷ್ಟಿದೆ ಅಂತಲೂ ಎಣಿಸಿ. ನೀವೇ ಏನೂ ಬದಲಿಸಬೇಡಿ, ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಎಕೋ ರೂಮು:
ಇದು ಸರಿಯಾದ ಮಾತು. ಮಾತ್ರೆ ಪೂರ್ತಿ ಹೊಂದಿಸಿಯೂ ನೋವು ಉಳಿದರೆ ಮಾತ್ರ ಮುಂದಿನ ಪ್ರಶ್ನೆ. ರಾನೊಲಜಿನ್, ನಿಕೊರಾಂಡಿಲ್, ಇವಾಬ್ರಾಡಿನ್ ಅನ್ನುವ ಎದೆನೋವಿನ ಮಾತ್ರೆಗಳನ್ನು ಇನ್ನೂ ಮುಟ್ಟಿಯೇ ಇಲ್ಲ. ಆಮೇಲೆ ಪರ್ಫ್ಯೂಷನ್ ಸ್ಕ್ಯಾನ್ ಮಾಡಿಸಿ. ಯಾವ ಜಾಗಕ್ಕೆ ರಕ್ತ ಸಾಲದು, ಆ ಸ್ನಾಯು ಇನ್ನೂ ಜೀವಂತ ಇದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಆ ಸ್ಕ್ಯಾನ್ ಕೇಳದೆ ನೇರ ಸಿಟ್ಟಿಂಗ್ ಡೇಟ್ ಕೊಡುವ ಕಡೆಗೆ ಹೋಗಬೇಡಿ.

ಹಿರಿಯೂರು ತೆಂಗು:
ಅವ್ವನಿಗೆ ಸ್ಕ್ಯಾನ್ ಮೊದಲು ಒಂದು, ಕೊನೆಗೆ ಒಂದು ಮಾಡಿದ್ದರು. ಫೈಲ್ ಇದೆ. ಬೇಕಾದರೆ ತೋರಿಸುತ್ತೇನೆ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು, ಚಳ್ಳಕೆರೆ:
ಖಂಡಿತ. ಹಿರಿಯೂರಿಗೇ ಬರುತ್ತೇನೆ.

ಕುಂದವಾಡ ಕೆರೆ ದಾರಿ:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಡಾಕ್ಟರು ನಾಡಿ ನೋಡಿದರು, 84 ಇತ್ತು. 60ರ ಹತ್ತಿರ ಇರಬೇಕು ಅಂತ ಮೆಟೊಪ್ರೊಲಾಲ್ ಜಾಸ್ತಿ ಮಾಡಿದರು. ರಾತ್ರಿ ಎಂಟರ ಮಾತ್ರೆ ಮಧ್ಯಾಹ್ನ ಮೂರಕ್ಕೆ ಬಂತು. ಶಾಕ್‌ವೇವ್ ಬಗ್ಗೆ ಕೇಳಿದೆ. ಬೈಯಲಿಲ್ಲ. ‘ಎರಡು ತಿಂಗಳು ಇದನ್ನು ನೋಡೋಣ, ಆಮೇಲೂ ನೋವಿದ್ದರೆ ಸ್ಕ್ಯಾನ್, ಆಗ ಅದನ್ನೂ ಮಾತಾಡೋಣ’ ಅಂದರು.

ಮೆಟ್ಟಿಲ ಮೇಲೆ ಆ ಮೀಟರ್ ಪಕ್ಕ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ, ದಾರದಲ್ಲಿ ಪೆನ್ಸಿಲ್ ಕಟ್ಟಿದ್ದೇನೆ. ನೋವಿಗೆ ನಿಂತಾಗಲೆಲ್ಲ ಒಂದು ಗೀಟು ಹಾಕಿ ಅಪ್ಪಾಜಿ, ಮುಚ್ಚಿಡಬೇಡಿ ಅಂದೆ. ಮೊದಲ ವಾರ ಹದಿನಾಲ್ಕು ಗೀಟು. ಈ ವಾರ ಐದು. ಇವತ್ತು ಬೆಳಿಗ್ಗೆ ಹಾಲು ತಂದಾಗ ಅಲ್ಲಿ ನಿಂತೇ ಇದ್ದರು. ನೋವಾ ಅಂತ ಕೇಳಿದೆ. ಇಲ್ಲ, ಯೂನಿಟ್ ಎಷ್ಟು ಓಡಿದೆ ನೋಡುತ್ತಿದ್ದೇನೆ ಅಂದರು. ಗೀಟು ಹಾಕಿರಲಿಲ್ಲ.