ಅಮೆರಿಕದಲ್ಲಿ ಮೊದಲ ಟ್ಯಾಕ್ಸ್ ಫೈಲಿಂಗ್: ಅಪ್ಪನ ಜೊತೆಗಿರೋ ಜಂಟಿ ಖಾತೆ ತೋರಿಸಬೇಕಾ?

ಡಲ್ಲಾಸ್_ಹೊಸಬ: ಕಳೆದ ಸೆಪ್ಟೆಂಬರ್‌ನಲ್ಲಿ ಎಚ್‌-1ಬಿ ಕೆಲಸದ ವೀಸಾ ಮೇಲೆ ಬೆಂಗಳೂರಿನಿಂದ ಬಂದೆ. ಹೆಂಡತಿ ಎಚ್‌-4 (ಅವಲಂಬಿತರ ವೀಸಾ), ಜೊತೆಗೇ ಬಂದಳು. ಇಬ್ಬರದ್ದೂ ಸೇರಿಸಿ ಜಾಯಿಂಟ್ ಆಗಿ ಫೈಲ್ ಮಾಡಬಹುದಾ? ಊರಲ್ಲಿ ಅಪ್ಪನ ಜೊತೆ ಒಂದು ಜಂಟಿ ಖಾತೆ ಬೇರೆ ಇದೆ.

ಸುಲಭ_ಸುಬ್ಬ: ತಲೆ ಕೆಡಿಸಿಕೊಳ್ಳಬೇಡಿ. ಕಂಪನಿ ಕೊಡೋ ಸಂಬಳದ ಚೀಟಿ ಡಬ್ಲ್ಯು-2 ಬಂತಾ? ರಿಟರ್ನ್ ಫಾರ್ಮ್ 1040 ತುಂಬಿ, ಜಾಯಿಂಟ್ ಅಂತ ಟಿಕ್ ಮಾಡಿ, ಕಳಿಸಿ. ಅರ್ಧ ಗಂಟೆ ಕೆಲಸ.

ಲೆಕ್ಕದ_ರಾಯ: "ಅರ್ಧ ಗಂಟೆ"ನಾ? ಸೆಪ್ಟೆಂಬರ್‌ನಲ್ಲಿ ಬಂದವರಿಗೆ ತೆರಿಗೆ ಲೆಕ್ಕದಲ್ಲಿ ರೆಸಿಡೆಂಟ್ ಆಗೋಕೆ ಬೇಕಾದ 183 ದಿನ ಎಲ್ಲಾಯ್ತು ಸ್ವಾಮಿ? ಸುಮ್ನೆ ಬಿಟ್ಟರೆ ಆ ವರ್ಷಕ್ಕೆ ಅವರು ನಾನ್‌ರೆಸಿಡೆಂಟ್, ಅಂಥವರ ಫಾರ್ಮ್ 1040-ಎನ್‌ಆರ್ ಹಾಕಬೇಕು. ಜಾಯಿಂಟ್ ಬೇಕಿದ್ದರೆ ಫಸ್ಟ್ ಇಯರ್ ಚಾಯ್ಸ್ ಇದೆ, ಅಂದರೆ ಬಂದ ವರ್ಷವೇ ರೆಸಿಡೆಂಟ್ ಅನ್ನಿಸಿಕೊಳ್ಳೋ ಆಯ್ಕೆ. ಅದಕ್ಕೆ ಈ ವರ್ಷ ಇಲ್ಲಿ ಕಳೆದ ದಿನಗಳ ಲೆಕ್ಕವೂ ಕೂಡಿಬರಬೇಕು. ಫೈಲಿಂಗ್‌ನ ಕೊನೇ ದಿನ ಏಪ್ರಿಲ್ 15ರೊಳಗೆ ಅದು ಆಗಲ್ಲ. ಫಾರ್ಮ್ 4868 ಹಾಕಿ ಅಕ್ಟೋಬರ್‌ವರೆಗೆ ಗಡುವು ತಗೊಳ್ಳಿ. ಜಾಯಿಂಟ್ ಅಂದರೆ ಜನವರಿಯಿಂದ ಪಡೆದ ಬೆಂಗಳೂರಿನ ಸಂಬಳವನ್ನೂ ತೋರಿಸಬೇಕು, ಅಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ. ಹೆಂಡತಿಗೆ ಡಬ್ಲ್ಯು-7 ಅರ್ಜಿ ಹಾಕಿ ಐಟಿಐಎನ್ (ತೆರಿಗೆ ಗುರುತಿನ ಸಂಖ್ಯೆ) ತಗೊಳ್ಳಿ. ಅಪ್ಪನ ಖಾತೆಗೆ ಎಫ್‌ಬಾರ್, ಅಂದರೆ ಹೊರದೇಶದ ಖಾತೆಗಳ ವರದಿ.

ಹಾಸನದ_ಹೈದ: ಅಪ್ಪನ ಖಾತೆಗೆ ಎಫ್‌ಬಾರಾ? ಪಿಂಚಣಿ ದುಡ್ಡು ರೀ ಅದು. ನಾಳೆ ಅಜ್ಜಿ ಸಾಸಿವೆ ಡಬ್ಬಿಯಲ್ಲಿಟ್ಟಿದ್ದನ್ನೂ ಬರೆಸುತ್ತೀರಾ?

ಲೆಕ್ಕದ_ರಾಯ: ಡಬ್ಬಿಗೆ ಬೇಡ, ಬ್ಯಾಂಕ್ ಖಾತೆಗೆ ಬೇಕು. ದುಡ್ಡು ಯಾರದ್ದಾದರೂ ಇರಲಿ, ಖಾತೆಯಲ್ಲಿ ನಿಮ್ಮ ಹೆಸರಿದ್ದರೆ ಲೆಕ್ಕಕ್ಕೆ ಬಂತು. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ದಿನ 10,000 ಡಾಲರ್ ದಾಟಿದರೂ ಸಾಕು. ಜಂಟಿಯಾದರೆ ಅರ್ಧ ಅಲ್ಲ, ಪೂರ್ತಿ ಮೊತ್ತ.

ಹಾಸನದ_ಹೈದ: "ಪೂರ್ತಿ ಮೊತ್ತ" ಅಂತೆ! ಅಪ್ಪನ ದುಡ್ಡಿಗೆ ಮಗ ಡಲ್ಲಾಸ್‌ನಲ್ಲಿ ಟ್ಯಾಕ್ಸ್ ಕಟ್ಟಬೇಕಂತೆ!

ಜೆರ್ಸಿ_ಅಕ್ಕ: ಟ್ಯಾಕ್ಸ್ ಅಂತ ಯಾರು ಹೇಳಿದರು? ಅದು ಬರೀ ವರದಿ. ರಿಟರ್ನ್ ಜೊತೆ ಅಲ್ಲ, ಫಿನ್‌ಸೆನ್ ಅನ್ನೋ ಸರ್ಕಾರಿ ಸಂಸ್ಥೆಗೆ ಬೇರೆಯಾಗಿ ಹೋಗುತ್ತದೆ. ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆ) ಎಫ್‌ಡಿ ಬಡ್ಡಿಗೆ ಮಾತ್ರ ಊರಲ್ಲಿ ತೆರಿಗೆ ಇಲ್ಲದಿದ್ದರೂ ಇಲ್ಲಿದೆ. ನೀವದನ್ನು ತೋರಿಸುತ್ತಿದ್ದೀರಿ ತಾನೇ?

ಹಾಸನದ_ಹೈದ: ನನ್ನ ಎಫ್‌ಡಿ ನಿಮಗ್ಯಾಕೆ? ಸುಮ್ನೆ ಹೆದರಿಸಬೇಡಿ. ಎಫ್‌ಬಾರ್ ಸಮಯಕ್ಕೆ ಹಾಕದ ಬಿಟ್ನರ್ ಅನ್ನೋರ 2023ರ ಕೇಸ್ ಓದಿ. 27.2 ಲಕ್ಷ ಡಾಲರ್ ದಂಡ 50,000ಕ್ಕೆ ಇಳಿಯಿತು, ಅದೂ ಇಲ್ಲಿನ ಸುಪ್ರೀಂ ಕೋರ್ಟಲ್ಲಿ.

ಲೆಕ್ಕದ_ರಾಯ: 50,000 ಡಾಲರ್ ನಿಮಗೆ ಚಿಲ್ಲರೆನಾ? ಖಾತೆಗೊಂದು ದಂಡ ಅಲ್ಲ, ವರದಿಗೊಂದು ಅಂದರು ಅಷ್ಟೆ. ದಂಡವೇ ಬೇಡ ಅನ್ನಲಿಲ್ಲ.

ಸುಲಭ_ಸುಬ್ಬ: ನಾನು ಇಷ್ಟು ವರ್ಷ ಹಾಕಿಲ್ಲ. ಯಾರೂ ಕೇಳಿಲ್ಲ.

ಜೆರ್ಸಿ_ಅಕ್ಕ: ಇದನ್ನು ಎಲ್ಲರೂ ಓದೋ ಕಡೆ ಬರೆದಿರಲ್ಲ, ಭೇಷ್! 2015ರಲ್ಲೇ ಭಾರತ ಅಮೆರಿಕದ ಜೊತೆ ಖಾತೆ ವಿವರ ಹಂಚಿಕೊಳ್ಳೋ ಫ್ಯಾಟ್ಕಾ ಒಪ್ಪಂದಕ್ಕೆ ಸಹಿ ಹಾಕಿದೆ. ನಮ್ಮೂರ ಬ್ಯಾಂಕುಗಳ ವಿವರ ಇಲ್ಲಿಗೂ ಬರುತ್ತದೆ.

ಹಾಸನದ_ಹೈದ: "ನಮ್ಮೂರ ಬ್ಯಾಂಕು"? ನಮ್ಮೂರಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸೋಕೇ ಅರ್ಧ ದಿನ ಕ್ಯೂ ನಿಲ್ಲಬೇಕು. ಅವರು ಅಮೆರಿಕಕ್ಕೆ ವಿವರ ಕಳಿಸುತ್ತಾರಾ!

ಡಲ್ಲಾಸ್_ಹೊಸಬ: ಅಣ್ಣಂದಿರಾ, ಅಪ್ಪನ ಖಾತೆಯಲ್ಲಿ 2 ಲಕ್ಷ ರೂಪಾಯಿಯೂ ಇಲ್ಲ. ಡಬ್ಲ್ಯು-7 ಜೊತೆ ಹೆಂಡತಿಯ ಒರಿಜಿನಲ್ ಪಾಸ್‌ಪೋರ್ಟ್ ಕಳಿಸಲೇಬೇಕಾ? ಅದನ್ನು ಯಾರಾದರೂ ಹೇಳಿ.

ಹಾಸನದ_ಹೈದ: ನೋಡಿದ್ರಾ ರಾಯರೇ? 2 ಲಕ್ಷವೂ ಇಲ್ಲ!

ಲೆಕ್ಕದ_ರಾಯ: "ಖಾತೆಗಳೆಲ್ಲ ಸೇರಿ" ಅಂದಿದ್ದೆ. ಅವರ ಹಳೇ ಸಂಬಳದ ಖಾತೆ, ಎಫ್‌ಡಿ ಎಲ್ಲ ಕೂಡಿಸಿದ ಮೇಲೆ ಮಾತಾಡಿ.

ಹಾಸನದ_ಹೈದ: ಈಗ ಎಫ್‌ಡಿಗೆ ಬಂದ್ರಾ!