ರಾಜಪ್ರಭುತ್ವ: ಪರ-ವಿರೋಧಕ್ಕೆ ನಮ್ಮ ಕಡೆಯ ಉದಾಹರಣೆ ಬೇಕು

ಗೌರಿಬಿದನೂರು ವಿದ್ಯಾರ್ಥಿ: ಚರ್ಚಾಸ್ಪರ್ಧೆ ಇದೆ. ರಾಜಪ್ರಭುತ್ವದ ಒಳಿತು-ಕೆಡುಕು ಎರಡಕ್ಕೂ ಗಟ್ಟಿ ಉದಾಹರಣೆ ತಿಳಿಸಿ.

ಕೋಲಾರದವರು: ಪರವಾಗಿ ಕೆಜಿಎಫ್ ಚಿನ್ನದ ಗಣಿಯ ಉದಾಹರಣೆ ಹೇಳಿ. 1894ರಲ್ಲಿ ಮೈಸೂರು ಮಹಾರಾಜರು ತೀರಿಕೊಂಡಾಗ ಮಗ ಚಿಕ್ಕವನು. ಮಹಾರಾಣಿಯವರೇ ರೀಜೆಂಟರಾಗಿ, ಅಂದರೆ ಮಗನ ಪರವಾಗಿ ಆಳುವವರಾಗಿ ನಿಂತರು, ಆಡಳಿತ ಕಡಿಯಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ವರ್ಷಗಟ್ಟಲೆ ಹಿಡಿಯುವ ಕೆಲಸಕ್ಕೆ ಈ ನಿರಂತರತೆ ಬೇಕೇ ಬೇಕು.

ತುಮಕೂರಿನವರು: ಒಪ್ಪಿದೆ, ಆದರೆ ಇನ್ನೊಂದು ಮಗ್ಗುಲು ಮರೆಯಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಂದಾಯ ವಸೂಲಿಯ ಗುತ್ತಿಗೆದಾರರು ರೈತರನ್ನು ಹಿಂಡಿದರು, ನಗರ (ಬಿದನೂರು) ಸೀಮೆಯಲ್ಲಿ ದಂಗೆ ಎದ್ದಿತು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಅರಮನೆಗೆ ಮರಳಿದ್ದು 1881ಕ್ಕೆ. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಬಂತು. ಅಲ್ಲಿ ಅಹವಾಲು ಹೇಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ನಿಮ್ಮ ತಾಲ್ಲೂಕಿನ ವಿದುರಾಶ್ವತ್ಥವನ್ನೇ ನೋಡಿ: 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಆಗ ಸಿಂಹಾಸನದಲ್ಲಿದ್ದವರು ನಾಲ್ವಡಿಯವರು! ರಾಜರು ಎಷ್ಟೇ ಒಳ್ಳೆಯವರಿದ್ದರೂ ಸರ್ಕಾರವನ್ನು ಕೆಳಗಿಳಿಸುವ ದಾರಿ ಜನರಿಗಿರಲಿಲ್ಲ. ನಿಮ್ಮ ವಾದದ ಬೆನ್ನೆಲುಬು ಇದೇ ಆಗಲಿ.

ಚಿಕ್ಕಬಳ್ಳಾಪುರದವರು: ಭೂತಾನವನ್ನೂ ಸೇರಿಸಿ. 2008ರ ಸಂವಿಧಾನದ ಪ್ರಕಾರ ದೊರೆ 65ಕ್ಕೆ ನಿವೃತ್ತಿಯಾಗಬೇಕು. ಸಂಸತ್ತಿನ ನಾಲ್ಕನೇ ಮೂರು ಭಾಗ ಒಪ್ಪಿ, ಜನಮತವೂ ಸಿಕ್ಕರೆ ಇಳಿಸಲೂಬಹುದು.