ಕೈ ಚಲೋ ಇರೋ ಟೈಲರೇ ಬೇಕಂತ್ಲೇ ಪೀಸ್ ಹಾಳ್ ಮಾಡ್ತಿದಾನೆ, ಏನ್ಮಾಡ್ಲಿ?

ಕೌಲ್‌ಬಜಾರ್_ಲೈನ್:
ಬಳ್ಳಾರಿಲಿ ಜೀನ್ಸ್ ಯೂನಿಟ್ ಒಂದ್ರಾಗೆ ಲೈನ್ ಸೂಪರ್‌ವೈಸರ್ ಇದೀನ್ರಿ. ಒಬ್ಬ ಟೈಲರ್ ಅದಾನೆ, ಮೊದ್ಲು ಸ್ವಂತ ಅಂಗಡಿ ಇಟ್ಟಿದ್ದ, ಕಟಿಂಗಿಂದ ಗುಂಡಿವರ್ಗೂ ಪ್ಯಾಂಟ್ ಪೂರ್ತಿ ಅವನ್ದೇ, ಇಲ್ಲಿ ಬರೀ ಹಿಂದಿನ ಪಾಕೆಟ್, ದಿನಾ ಅದೇ. ಎರಡು ತಿಂಗ್ಳಿಂದ ದಾರದ ಕೋನ್ ಕಾಣೆ ಆಗ್ತಾವೆ, ಸೂಜಿ ಮುರ್ದು ಮಷೀನ್ ಸರಿ ಇಲ್ಲ ಅಂತ ಎದ್ದು ಹೋಗ್ತಾನೆ. ನಿನ್ನೆ ಬಂಡಲ್ ಬಿಚ್ಚಿ ನೋಡಿದ್ರೆ ಎಡಗಡೆ ಪಾಕೆಟ್ ಎಲ್ಲಾ ಅರ್ಧ ಬೆರಳು ಕೆಳಗೆ, ಒಂದೂ ಹೆಚ್ಚುಕಮ್ಮಿ ಇಲ್ಲ, ಎಲ್ಲಾ ಒಂದೇ ಸಮ. ಓನರ್ ತೆಗ್ದು ಹಾಕು ಅಂತಾರೆ, ನಂಗೆ ಮನ್ಸು ಒಪ್ತಿಲ್ಲ.

ರಾಯಚೂರ್_ಎಚ್‌ಆರ್:
ಅಣ್ಣಾ, ಕೆಲಸಕ್ಕ ಹೊಂದೋದು ಬ್ಯಾರೆ, ಕಂಪನಿಗೆ ಹೊಂದೋದು ಬ್ಯಾರೆ. ಅವನ ಕೈ ಕೆಲಸಕ್ಕ ಹೊಂದೇದ, ಆದ್ರ ಅವಗ ಫಿನಿಶಿಂಗ್ ಮುಖ್ಯ, ನಿಮಗ ಪೀಸಿನ ಲೆಕ್ಕ ಮುಖ್ಯ, ಅಲ್ಲೇ ಕೂಡ್ವಲ್ದು. ಇನ್ನೊಂದು ನೋಡ್ರಿ, ಜೋಡಿ ಕೆಲಸ ಮಾಡೋರ ಜೊತಿ ಜಗಳ ಅದ ಏನು? ರಾಬಿನ್ಸನ್, ಬೆನೆಟ್ ಅನ್ನೋ ಸಂಶೋಧಕರು 1995ರಾಗ ಕೆಲಸದ ಜಾಗದಾಗ ಬೇಕಂತ್ಲೇ ಮಾಡೋ ಇಂಥ ತಪ್ಪನ್ನ ಎರಡು ಥರ ಮಾಡ್ಯಾರ, ಕಂಪನಿ ಮ್ಯಾಲ ತೀರಿಸ್ಕೊಳ್ಳೋದು ಒಂದು, ಮಂದಿ ಮ್ಯಾಲ ತೀರಿಸ್ಕೊಳ್ಳೋದು ಇನ್ನೊಂದು. ನೀವು ಹೇಳಿದ್ದೆಲ್ಲಾ ಮೊದಲ್ನೇದು. ಸಿಟ್ಟು ಯೂನಿಟ್ ಮ್ಯಾಲ ಅದ.

ಗಂಗಾವತಿ_ರೈಸ್‌ಮಿಲ್:
ಹೊಂದಿಲ್ಲ ಅಂತ ದಾರ ಕದಿಯೋದ ಸರಿ ಅಂತೀರೇನ್ರಿ? ಹೊಂದದಿದ್ರ ಬಿಟ್ಟು ಹೋಗ್ಲಿ. ನಮ್ಮ ಮಿಲ್ಲಿನ್ಯಾಗ ಅಂಥವರ್ನ ಒಂದಿನ ಇಟ್ಕೊಳ್ಳಂಗಿಲ್ಲ.

ರಾಯಚೂರ್_ಎಚ್‌ಆರ್:
ಸರಿ ಅನ್ನಂಗಿಲ್ಲ ಸರ್, ಕಾರಣ ಹುಡುಕ್ರಿ ಅಂತೀನಿ. ಮನೀ ಸಾಲ ಇದ್ದವ ಬಿಟ್ಟು ಎಲ್ಲಿಗೆ ಹೋಗ್ಬೇಕು? ಅಮೆರಿಕಾದಾಗ ಗ್ರೀನ್‌ಬರ್ಗ್ ಅನ್ನೋ ಸಂಶೋಧಕ 1990ರಾಗ ಬರ್ದಾನ, ಎರಡು ಫ್ಯಾಕ್ಟ್ರಿಯೊಳಗ ಪಗಾರ ಶೇ 15 ಕಡಿಮಿ ಮಾಡಿದ್ರು, ಒಂದ್ರಾಗ ಯಾಕ ಅಂತ ಪೂರ್ತಿ ಬಿಡಿಸಿ ಹೇಳಿದ್ರು, ಇನ್ನೊಂದ್ರಾಗ ನೆಟ್ಟಗ ಹೇಳ್ಲಿಲ್ಲ. ಹೇಳಿದ ಕಡಿಗಿಂತ ಹೇಳದ ಕಡೆ ಕಳ್ತನ ಭಾಳ ಆತು. ಎರಡು ತಿಂಗಳ ಹಿಂದ ನಿಮ್ಮಲ್ಲಿ ಏನರ ಬದಲಾತಾ?

ಕೌಲ್‌ಬಜಾರ್_ಲೈನ್:
ಈಗ ನೆನಪಾಯ್ತು ನೋಡ್ರಿ. ಆಗ್ಲೇ ಪಾಕೆಟ್ ರೇಟ್ ಇಳಿಸಿದ್ದು, ಯಾರ್ಗೂ ಹೇಳ್ಲಿಲ್ಲ, ಶನಿವಾರ ಬಟವಾಡೆ ಕೈಗೆ ಬಂದಾಗ್ಲೇ ಗೊತ್ತಾಗಿದ್ದು, ಹೇಳ್ಬೇಕಾದೋನು ನಾನೇ. ಇವತ್ತು ಚಾಗೆ ಕರ್ಕೊಂಡು ಹೋಗಿ ಕೂತ್ಕೊಂಡು ಕೇಳ್ದೆ. ಒಂದೇ ಮಾತು ಅಂದ, "ಅಣ್ಣಾ, ನಾನು ಹೊಲಿದ ಪ್ಯಾಂಟ್ ಇದು ಅಂತ ತೋರ್ಸಕ್ಕೆ ಒಂದೂ ಇಲ್ಲ, ದುಡ್ಡೂ ಇಲ್ಲ." ಹಾಳಾದ ಬಂಡಲ್ ಅವನೇ ಬಿಚ್ಚಿ ಹೊಲಿತಾನೆ, ಒಪ್ಪಿದಾನೆ. ಸ್ಯಾಂಪಲ್ ಪೀಸ್ ಪೂರ್ತಿ ಅವನ ಕೈಗೇ ಕೊಡೋಣ ಅಂತ ನಾಳೆ ಓನರ್ ಹತ್ರ ಕೇಳ್ತೀನಿ, ರೇಟಿನ ಮಾತೂ ಎತ್ತುತೀನಿ.